ಕಾಶಿಕಣಗಿಲೆಯ ಮದ್ದು

ರೋಣ, ನರಗುಂದ, ಗಜೇಂದ್ರಗಡದಂಥ ಮಳೆ ಕಡಿಮೆಯ ಊರುಗಳ ಹಿತ್ತಿಲಲ್ಲಿ ಯಾರ ಆರೈಕೆಯೂ ಇಲ್ಲದೆ ವರ್ಷವಿಡೀ ಹೂಬಿಡುವ ಕಾಶಿಕಣಗಿಲೆಯು ಮೂಲತಃ ಮಡಗಾಸ್ಕರ್ ದ್ವೀಪದ ಗಿಡವಾಗಿದ್ದು, ಹಲವು ದೇಶಗಳ ಮನೆಮದ್ದಿನಲ್ಲಿ ಸಕ್ಕರೆ ಕಾಯಿಲೆಗೆ ಬಳಕೆಯಲ್ಲಿತ್ತು. ಆ ನಂಬಿಕೆಯನ್ನು ಒರೆಗೆ ಹಚ್ಚಲು ಹೊರಟ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಅವರಿಗೆ, ಜಮೈಕಾದಿಂದ ಬಂದ ಎಲೆಗಳ ಸಾರದಿಂದ ಸಕ್ಕರೆ ಇಳಿಯದೆ, ಇಲಿಗಳ ಬಿಳಿ ರಕ್ತಕಣಗಳು ಕುಸಿದದ್ದು ಕಂಡಿತು. ಆ ಸಾರದಿಂದ 1958ರಲ್ಲಿ ಕ್ಯಾನ್ಸರ್ ಮದ್ದಾದ ವಿನ್‌ಬ್ಲಾಸ್ಟಿನ್ ಬೆಳಕಿಗೆ ಬಂದರೆ, ಅದರ ಸೋದರ ಮದ್ದಾದ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಮಾನ್ಯತೆ ದೊರೆಯಿತು.

ಮದ್ದು ಮೊದಲು ಬಂತು, ಕಾರಣ ಆಮೇಲೆ ತಿಳಿಯಿತು. ಜೀವಕೋಶಕ್ಕೆ ಆಕಾರವನ್ನೂ ಚಲನೆಯನ್ನೂ ಕೊಡುವ ಎಳೆಗಳ ಹಂದರವನ್ನು ಕೋಶಪಂಜರ ಎನ್ನಬಹುದು; ಅದರಲ್ಲಿ ಸುಮಾರು 25 ನ್ಯಾನೋಮೀಟರ್ ದಪ್ಪದ ಸೂಕ್ಷ್ಮನಾಳಗಳು ಟ್ಯೂಬ್ಯುಲಿನ್ ಎಂಬ ಪ್ರೋಟೀನಿನಿಂದ ಕಟ್ಟಿಕೊಳ್ಳುತ್ತ, ಬಿಚ್ಚಿಕೊಳ್ಳುತ್ತ ಇರುತ್ತವೆ. ಕಾಶಿಕಣಗಿಲೆಯ ಮದ್ದುಗಳು ಈ ನಾಳಗಳು ಕಟ್ಟಿಕೊಳ್ಳದಂತೆ ತಡೆದರೆ, ಮನ್ರೋ ವಾಲ್ ಮತ್ತು ಭಾರತೀಯ ಮೂಲದ ಮನ್ಸುಖ್ ವಾನಿ 1971ರಲ್ಲಿ ರಚನೆ ಬಿಡಿಸಿದ ಟ್ಯಾಕ್ಸಾಲ್ ಎಂಬ ಇನ್ನೊಂದು ಮದ್ದು ಅವು ಬಿಚ್ಚಿಕೊಳ್ಳದಂತೆ ಬಿಗಿಯುತ್ತದೆ ಎಂಬುದನ್ನು ಸೂಸನ್ ಹಾರ್ವಿಟ್ಜ್ ತಂಡ 1979ರಲ್ಲಿ ತೋರಿಸಿತು. ದಾರಿ ತದ್ವಿರುದ್ಧವಾದರೂ ಎರಡರಲ್ಲೂ ಕೋಶ ವಿಭಜನೆ ನಡುವೆಯೇ ನಿಲ್ಲುತ್ತದೆ.

ಕ್ಯಾನ್ಸರ್ ಗೆಡ್ಡೆಯ ಕೋಶವು ಆಕ್ಟಿನ್ ಎಂಬ ಇನ್ನೂ ತೆಳುವಾದ ಎಳೆಗಳಿಂದ ತನ್ನ ಮುಂಬದಿಯನ್ನು ಚಾಚಿ, ಹಿಂಬದಿಯನ್ನು ಎಳೆದುಕೊಂಡು ಸರಿಯುವಾಗ, ಅದಕ್ಕೆ ದಿಕ್ಕು ಹಿಡಿಸುವಲ್ಲಿ ಸೂಕ್ಷ್ಮನಾಳಗಳ ಪಾತ್ರ ದೊಡ್ಡದು. ಆದ್ದರಿಂದಲೇ ವಿಭಜನೆಯನ್ನು ತಡೆಯಲು ಸಾಲದಷ್ಟು ಅಲ್ಪ ಪ್ರಮಾಣದ ಮದ್ದೂ ಪ್ರಯೋಗಾಲಯದಲ್ಲಿ ಈ ಸಂಚಾರವನ್ನು ನಿಧಾನಗೊಳಿಸಿದೆ. ಗಾಜಿನ ತಟ್ಟೆಯಲ್ಲಿ ಕಂಡದ್ದನ್ನೇ ರೋಗಿಯ ದೇಹಕ್ಕೂ ಹೇಳಿಬಿಡುವುದು ಮಾತ್ರ ಆತುರದ ಮಾತಾದೀತು.

1973ರಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಕಿದ್ವಾಯಿ ಸಂಸ್ಥೆ ಆರಂಭವಾದದ್ದು ದೂರದ ಬೆಂಗಳೂರಿನಲ್ಲಿ. ರೋಣ, ನರಗುಂದದ ಸೀಮೆಗೆ ಅದಕ್ಕಿಂತ ಹತ್ತಿರದ್ದು ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ. ಇಂಥ ಮದ್ದುಗಳ ಚಿಕಿತ್ಸೆ ಪಡೆದು ಮರಳಿದವರಲ್ಲಿ ಕೆಲವರಿಗೆ ಬೆರಳ ತುದಿ ಜೋಮು ಹಿಡಿಯುವುದುಂಟು. ಬೆನ್ನುಹುರಿಯ ಪಕ್ಕದಿಂದ ಬೆರಳವರೆಗೆ ಚಾಚಿದ ನರತಂತುವಿನೊಳಗೆ ಸರಕು ಸಾಗುವುದೂ ಇದೇ ಸೂಕ್ಷ್ಮನಾಳಗಳ ಮೇಲೆ ಎಂಬುದೇ ಇದಕ್ಕೆ ಒಂದು ಮುಖ್ಯ ಕಾರಣ. ಕೈಮಗ್ಗಕ್ಕೆ ಹೆಸರಾದ ಗಜೇಂದ್ರಗಡದಲ್ಲಿ, ಕಡಿದ ಎಳೆಯನ್ನು ಬೆರಳಲ್ಲೇ ಹುಡುಕಿ ಗಂಟು ಹಾಕಬೇಕಾದ ನೇಕಾರನಿಗೆ ಇದು ಸಣ್ಣ ತೊಂದರೆಯಲ್ಲ. ಜೋಮು ಶುರುವಾದೊಡನೆ ತಿಳಿಸಿದರೆ ವೈದ್ಯರು ಮದ್ದಿನ ಪ್ರಮಾಣವನ್ನು ಇಳಿಸಬಲ್ಲರು ಇಲ್ಲವೇ ಮದ್ದನ್ನೇ ಬದಲಿಸಬಲ್ಲರು. ಹಿತ್ತಿಲ ಕಾಶಿಕಣಗಿಲೆಯನ್ನು ಕುದಿಸಿ ಕುಡಿಯುವುದಂತೂ ಯಾರಿಗೂ ತರವಲ್ಲ, ಏಕೆಂದರೆ ಆ ಗಿಡ ವಿಷ.