ಸ್ತನ ಕ್ಯಾನ್ಸರ್ ಅಪಾಯದ ನಿರ್ವಹಣೆ

ಸ್ತನ ಕ್ಯಾನ್ಸರ್ ಅಪಾಯದ ನಿರ್ವಹಣೆ ಎಂಬುದು ಸ್ತನ ಕ್ಯಾನ್ಸರ್ ಬರುವ ಸಂಭವವನ್ನು ಅಂದಾಜು ಮಾಡುವ, ಅದನ್ನು ತಗ್ಗಿಸುವ ಹಾಗೂ ರೋಗವನ್ನು ಬೇಗನೆ ಪತ್ತೆಹಚ್ಚುವ ಕ್ರಮಗಳ ಒಟ್ಟು ಹೆಸರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಾದ್ಯಂತ ಸುಮಾರು 23 ಲಕ್ಷ ಮಹಿಳೆಯರಲ್ಲಿ ಈ ರೋಗ ಪತ್ತೆಯಾಯಿತು ಮತ್ತು ಸುಮಾರು 6.7 ಲಕ್ಷ ಮಂದಿ ಮರಣ ಹೊಂದಿದರು. ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಇದೇ ಆಗಿದೆ. ಇದನ್ನು ಸಂಪೂರ್ಣವಾಗಿ ತಡೆಯುವ ಉಪಾಯವಿಲ್ಲ. ಅಪಾಯವನ್ನು ತಗ್ಗಿಸುವುದೂ ರೋಗವನ್ನು ಬೇಗ ಗುರುತಿಸುವುದೂ ಬೇರೆ ಬೇರೆ. ತಪಾಸಣೆಯು ರೋಗ ಬರುವುದನ್ನು ತಡೆಯುವುದಿಲ್ಲ, ಗುಣಪಡಿಸಬಹುದಾದ ಹಂತದಲ್ಲಿ ಅದನ್ನು ತೋರಿಸಿಕೊಡುತ್ತದೆ.

ಅಪಾಯಕಾರಿ ಅಂಶಗಳು

ಹೆಣ್ಣಾಗಿರುವುದು ಮತ್ತು ವಯಸ್ಸು ಅತಿ ಮುಖ್ಯ ಅಂಶಗಳು. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಇವೆರಡನ್ನು ಬಿಟ್ಟು ಬೇರಾವ ನಿರ್ದಿಷ್ಟ ಕಾರಣವೂ ಕಂಡುಬರುವುದಿಲ್ಲ. ಚಿಕ್ಕ ವಯಸ್ಸಿನಲ್ಲಿ ಋತುಮತಿಯಾಗುವುದು, ತಡವಾಗಿ ಮುಟ್ಟು ನಿಲ್ಲುವುದು, ಮಕ್ಕಳಿಲ್ಲದಿರುವುದು ಮತ್ತು ಹತ್ತಿರದ ರಕ್ತಸಂಬಂಧಿಗಳಲ್ಲಿ ಈ ರೋಗವಿರುವುದು ಅಪಾಯವನ್ನು ಹೆಚ್ಚಿಸುತ್ತವೆ. ಶೇಕಡಾ 5ರಿಂದ 10ರಷ್ಟು ಪ್ರಕರಣಗಳು ಮಾತ್ರ ಆನುವಂಶಿಕವಾದವು. ಇವುಗಳಲ್ಲಿ ಬಿಆರ್‌ಸಿಎ1 ಮತ್ತು ಬಿಆರ್‌ಸಿಎ2 ಎಂಬ ವಂಶವಾಹಿಗಳ ದೋಷಗಳು ಪ್ರಮುಖವಾಗಿದ್ದು, ಅವು ತಂದೆಯ ಕಡೆಯಿಂದಲೂ ಬರಬಹುದು. ಪುರುಷರಿಗೂ ಈ ರೋಗ ಅಪರೂಪವಾಗಿ ಬರುತ್ತದೆ.

ಜೀವನಶೈಲಿ

ಮದ್ಯಪಾನದ ಪ್ರಮಾಣ ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತದೆ. ಮುಟ್ಟು ನಿಂತ ನಂತರ ಅಂಡಾಶಯದ ಬದಲು ಕೊಬ್ಬಿನ ಅಂಗಾಂಶವೇ ಈಸ್ಟ್ರೋಜನ್ ಹಾರ್ಮೋನಿನ ಮುಖ್ಯ ಮೂಲವಾಗುವುದರಿಂದ, ಆ ವಯಸ್ಸಿನಲ್ಲಿ ಬೊಜ್ಜು ಅಪಾಯಕಾರಿ. ನಿಯಮಿತ ವ್ಯಾಯಾಮ ಮತ್ತು ಎದೆಹಾಲುಣಿಸುವಿಕೆ ಅಪಾಯವನ್ನು ತಗ್ಗಿಸುತ್ತವೆ. 30 ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಪ್ರತಿ 12 ತಿಂಗಳ ಹಾಲುಣಿಸುವಿಕೆಯಿಂದ ಅಪಾಯವು ಶೇಕಡಾ 4.3ರಷ್ಟು ಇಳಿಯುತ್ತದೆ. ಋತುಬಂಧದ ತೊಂದರೆಗಳಿಗೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಜೊತೆಯಾಗಿ ಸೇವಿಸುವುದು ಅಪಾಯವನ್ನು ಹೆಚ್ಚಿಸುತ್ತದೆ.

ಹೆಚ್ಚಿನ ಅಪಾಯ ಇರುವವರಿಗೆ ಕ್ರಮಗಳು

ಆನುವಂಶಿಕ ದೋಷದ ಶಂಕೆ ಇರುವವರಿಗೆ ತಜ್ಞರ ಸಲಹೆಯೊಂದಿಗೆ ರಕ್ತ ಅಥವಾ ಜೊಲ್ಲಿನ ಪರೀಕ್ಷೆ ನಡೆಸಲಾಗುತ್ತದೆ. ದೋಷವಿದ್ದವರಿಗೆ ಎಂಆರ್‌ಐ ಒಳಗೊಂಡ ನಿಯತ ತಪಾಸಣೆ, ಔಷಧ ಅಥವಾ ಶಸ್ತ್ರಚಿಕಿತ್ಸೆ ಎಂಬ ಆಯ್ಕೆಗಳಿವೆ. ಹೆಚ್ಚಿನ ಅಪಾಯವಿದ್ದ ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಟ್ಯಾಮಾಕ್ಸಿಫೆನ್ ಔಷಧವು ಹರಡಬಲ್ಲ ಸ್ತನ ಕ್ಯಾನ್ಸರನ್ನು ಸುಮಾರು ಅರ್ಧದಷ್ಟು ತಗ್ಗಿಸಿತು. ಆದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಮತ್ತು ರಕ್ತ ಹೆಪ್ಪುಗಟ್ಟುವಿಕೆ ಅದರ ಅಡ್ಡಪರಿಣಾಮಗಳು. ಎರಡೂ ಸ್ತನಗಳನ್ನು ಮುಂಚಿತವಾಗಿ ತೆಗೆಯುವ ಶಸ್ತ್ರಚಿಕಿತ್ಸೆಯು ಅಪಾಯವನ್ನು ಸುಮಾರು ಶೇಕಡಾ 90ರಷ್ಟು ಇಳಿಸುತ್ತದೆ. ಹಾಲಿವುಡ್ ನಟಿ ಏಂಜಲೀನಾ ಜೋಲೀ 2013ರಲ್ಲಿ ತಾವು ಇದಕ್ಕೆ ಒಳಗಾದುದನ್ನು ಬಹಿರಂಗಪಡಿಸಿದ ಬಳಿಕ ಈ ವಿಷಯ ವ್ಯಾಪಕವಾಗಿ ಚರ್ಚೆಗೊಳಗಾಯಿತು.

ತಪಾಸಣೆ

ಅಮೆರಿಕದ ತಜ್ಞರ ಕಾರ್ಯಪಡೆಯು 2024ರಲ್ಲಿ, 40ರಿಂದ 74 ವರ್ಷದ ಮಹಿಳೆಯರಿಗೆ ಎರಡು ವರ್ಷಕ್ಕೊಮ್ಮೆ ಮ್ಯಾಮೊಗ್ರಫಿ ಮಾಡಿಸುವಂತೆ ಶಿಫಾರಸು ಮಾಡಿತು. ಭಾರತದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದವರಿಗೆ ತರಬೇತಿ ಪಡೆದ ಸಿಬ್ಬಂದಿ ಕೈಯಿಂದ ಮುಟ್ಟಿ ನೋಡುವ ಪರೀಕ್ಷೆಯನ್ನು ಐದು ವರ್ಷಕ್ಕೊಮ್ಮೆ ಮಾಡುವ ಸೂಚನೆಯಿದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯು ಸುಮಾರು 1.5 ಲಕ್ಷ ಮಹಿಳೆಯರನ್ನು 20 ವರ್ಷ ಅಧ್ಯಯನ ಮಾಡಿ 2021ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ನಡೆಸಿದ ಇಂಥ ಪರೀಕ್ಷೆಯಿಂದ ರೋಗವು ಮುಂಚಿನ ಹಂತದಲ್ಲಿ ಪತ್ತೆಯಾಯಿತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಮರಣವು ಸುಮಾರು ಶೇಕಡಾ 30ರಷ್ಟು ಇಳಿಯಿತು. 50ಕ್ಕಿಂತ ಕಿರಿಯರಲ್ಲಿ ಇಂಥ ಇಳಿಕೆ ಕಂಡುಬರಲಿಲ್ಲ.

ಎಚ್ಚರಿಕೆಯ ಲಕ್ಷಣಗಳು

ಸ್ತನ ಅಥವಾ ಕಂಕುಳಲ್ಲಿ ಗಂಟು, ಚರ್ಮ ಕುಳಿಬೀಳುವುದು, ತೊಟ್ಟು ಒಳಸರಿಯುವುದು, ತೊಟ್ಟಿನಿಂದ ರಕ್ತ ಒಸರುವುದು ಮುಖ್ಯ ಲಕ್ಷಣಗಳು. ಬಹುಪಾಲು ಗಂಟುಗಳು ಕ್ಯಾನ್ಸರ್ ಅಲ್ಲ. ಆದರೆ ಕ್ಯಾನ್ಸರ್ ಗಂಟು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲವಾದ್ದರಿಂದ, ನೋವಿಲ್ಲವೆಂದು ಅಥವಾ ಸಂಕೋಚದಿಂದ ವೈದ್ಯರಲ್ಲಿಗೆ ಹೋಗುವುದನ್ನು ಮುಂದೂಡಬಾರದು.