ಕೂಕಟ್‌ಪಲ್ಲಿಯಿಂದ ಚಾರ್ಮಿನಾರ್‌ಗೆ ಎರಡು ದಾರಿ

ಹೋದ ಶನಿವಾರ ಸೇಡಂನಿಂದ ಅಕ್ಕ ಬಂದಳು. ಲಿಂಗಂಪಲ್ಲಿ ಸ್ಟೇಷನ್ನಿನಿಂದ ಮನೆಗೆ ಕರೆತಂದೆ. ಚಹಾ ಕುಡಿಯುತ್ತಲೇ ಕೇಳಿದಳು, "ನಾಳಿಗಿ ಚಾರ್ಮಿನಾರ್ ತೋರಸ್ತಿ ಏನಪಾ? ಮೆಟ್ರೋ ಅಲ್ಲಿತನಾ ಹೋಗ್ತದ?"

ಹೋಗುವುದಿಲ್ಲ! ಊರಿಂದ ನೆಂಟರು ಬಂದಾಗಲೆಲ್ಲ ನಮ್ಮ ಕಡೆಯ ಮನೆಗಳಲ್ಲಿ ಏಳುವ ಪ್ರಶ್ನೆ ಇದು. ಅದಕ್ಕೇ ಬರೆದಿಡೋಣ ಅನ್ನಿಸಿತು.

ಕೂಕಟ್‌ಪಲ್ಲಿಯವರಿಗೆ ದಾರಿ ಎರಡು. ಒಂದು, ಮೆಟ್ರೋದ ಕೆಂಪು ಮಾರ್ಗ. ಅಮೀರ್‌ಪೇಟೆಯಲ್ಲಿ ಇಳಿದು ಹತ್ತುವ ಗೋಜಿಲ್ಲ, ನೇರ ಎಂಜಿಬಿಎಸ್. ಅಲ್ಲಿಂದ ಆಟೋ. ಇನ್ನೊಂದು, ಎಂಎಂಟಿಎಸ್ ಲೋಕಲ್. ಹಫೀಜ್‌ಪೇಟೆಯಲ್ಲೋ ಭರತ್‌ನಗರದಲ್ಲೋ ಫಲಕ್‌ನುಮಾ ರೈಲು ಹತ್ತಿದರೆ ಸಿಕಂದರಾಬಾದ್, ಕಾಚಿಗುಡ ದಾಟಿ ಯಾಕುತ್‌ಪುರ. ಅಲ್ಲಿಂದಲೂ ಆಟೋನೇ.

ಎಂಎಂಟಿಎಸ್ ಟಿಕೆಟ್ 5 ರೂಪಾಯಿಯಿಂದ ಶುರು. ಮೆಟ್ರೋ ದರ 2017ರಲ್ಲಿ 10ರಿಂದ 60 ಇತ್ತು, 2025ರ ಮೇ ತಿಂಗಳಲ್ಲಿ 11ರಿಂದ 69 ಆಯಿತು. 2022ರ ಏಪ್ರಿಲ್‌ನಲ್ಲಿ 59 ರೂಪಾಯಿಯ ರಜಾದಿನದ ಕೊಡುಗೆಯೊಂದು ಬಂದಿತ್ತು. ದಿನವಿಡೀ ಎಷ್ಟು ಸಲ ಬೇಕಾದರೂ ಮೆಟ್ರೋದಲ್ಲಿ ಓಡಾಡಬಹುದಿತ್ತು. ಅಕ್ಕನಿಗೆ ಮೊಣಕಾಲು ನೋವು, ಮೆಟ್ರೋಗೆ ಲಿಫ್ಟ್ ಇದೆ. ಹೋಗುವಾಗ ಮೆಟ್ರೋ, ಬರುವಾಗ ಲೋಕಲ್ ಎಂದು ತೀರ್ಮಾನ ಮಾಡಿದೆ. ಲೋಕಲ್ ಆರಿಸಿದ್ದು ದುಡ್ಡು ಉಳಿಸಲಿಕ್ಕೆ ಅಷ್ಟೇ ಅಲ್ಲ. ಅದಕ್ಕೊಂದು ಕಥೆ ಇದೆ.

ನಿಜಾಮರ ರಾಜ್ಯಕ್ಕೆ ಮೊದಲ ಸ್ವಂತ ರೈಲು ಮಾರ್ಗ ಬಂದದ್ದು 1874ರಲ್ಲಿ, ಸಾಲಾರ್ ಜಂಗ್ ದಿವಾನರಾಗಿದ್ದಾಗ. ಎಲ್ಲಿಂದ ಎಲ್ಲಿಗೆ ಗೊತ್ತೇ? ನಮ್ಮ ವಾಡಿಯಿಂದ ಸಿಕಂದರಾಬಾದಿಗೆ, ಸುಮಾರು 190 ಕಿ.ಮೀ. ಮುಂಬಯಿ-ಮದರಾಸು ಮಾರ್ಗ ವಾಡಿಯ ಮೇಲೆ ಹಾದುಹೋಗಿತ್ತು. ಸಿಕಂದರಾಬಾದಿನಲ್ಲಿ ಬ್ರಿಟಿಷರ ದಂಡು ಇತ್ತು. ಎರಡನ್ನೂ ಜೋಡಿಸಿದರು. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು, ವಿಕಾರಾಬಾದ್, ಲಿಂಗಂಪಲ್ಲಿ, ಬೇಗಂಪೇಟೆ... ರಾಷ್ಟ್ರಕೂಟರ ರಾಜಧಾನಿಯ ಹೆಸರು ಹೊತ್ತ ಸ್ಟೇಷನ್ನು ಇದೇ ಹಳಿಯ ಮೇಲಿದೆ.

ಬ್ಯಾಂಕಿನವನಾದ ನನ್ನ ಕಣ್ಣು ಲೆಕ್ಕದ ಮೇಲೆ ಬೀಳುತ್ತದೆ. ಮುಂದೆ ಈ ರೈಲು ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ ಕಂಪನಿಯ ಕೈಗೆ ಹೋಯಿತು. ಗ್ಯಾರಂಟಿ ಎಂದರೆ, ಬಂಡವಾಳ ಹೂಡಿದವರಿಗೆ ಶೇಕಡಾ 5ರ ಬಡ್ಡಿಗೆ ನಿಜಾಮ ಸರ್ಕಾರವೇ ಜಾಮೀನು. ಲಾಭ ಬರದಿದ್ದರೆ ಖಜಾನೆಯಿಂದ ಕೊಡಬೇಕು. 1883ರಲ್ಲಿ ಚಾಂದಾ ರೈಲು ಯೋಜನೆಯ ವಿವರ ಜನರ ಮುಂದಿಡಿ ಎಂದು ಚಳವಳಿಯೇ ನಡೆಯಿತು. ಅದರಲ್ಲಿದ್ದ ಅಘೋರನಾಥ ಚಟ್ಟೋಪಾಧ್ಯಾಯರನ್ನು, ಸರೋಜಿನಿ ನಾಯ್ಡು ಅವರ ತಂದೆಯನ್ನು, ರಾಜ್ಯದಿಂದ ಹೊರಗೆ ಕಳಿಸಿದರು. ಆ ಖಜಾನೆಗೆ ನಮ್ಮ ಸೇಡಂ, ಗುಲ್ಬರ್ಗದ ರೈತರ ಕಂದಾಯವೂ ಬರುತ್ತಿತ್ತು ಎಂಬುದನ್ನು ಮರೆಯಬಾರದು.

2003ರ ಆಗಸ್ಟ್ 9ರಂದು ಎಂಎಂಟಿಎಸ್ ಶುರುವಾದಾಗ ಲಿಂಗಂಪಲ್ಲಿ-ಸಿಕಂದರಾಬಾದ್ ಲೋಕಲ್ ಓಡಿದ್ದು ಆ 1874ರ ಮಾರ್ಗದಲ್ಲೇ. ಮೆಟ್ರೋ ಬಂದದ್ದು 2017ರ ನವೆಂಬರ್‌ನಲ್ಲಿ. ಅದರ ಹಸಿರು ಮಾರ್ಗ ಫಲಕ್‌ನುಮಾವರೆಗೆ ಹೋಗಬೇಕಿತ್ತು. 2020ರ ಫೆಬ್ರವರಿಯಲ್ಲಿ ಎಂಜಿಬಿಎಸ್‌ವರೆಗೆ ಬಂದು ನಿಂತಿತು. ಹಳೆ ಊರಿನ ಭಾಗಕ್ಕೆ ಶಂಕುಸ್ಥಾಪನೆ ಆದದ್ದು 2024ರ ಮಾರ್ಚ್ 8ಕ್ಕೆ. ಅಂದೂ ದಂಡಿನ ಊರಿಗೆ ಮೊದಲು ರೈಲು, ಇಂದೂ ಚಾರ್ಮಿನಾರ್‌ಗೆ ಆಟೋ!

ಇರಲಿ. ಭಾನುವಾರ ಸಂಜೆ ಯಾಕುತ್‌ಪುರದಲ್ಲಿ ಲೋಕಲ್ ಹತ್ತಿದೆವು. ಅಕ್ಕನ ಕೈಚೀಲದಲ್ಲಿ ಲಾಡ್ ಬಜಾರಿನ ಬಳೆ. ಹುಸೇನ್‌ಸಾಗರ ದಾಟಿ ಬೇಗಂಪೇಟೆ ಬಂದಾಗ ಹೇಳಿದೆ, "ಅಕ್ಕಾ, ಹಿಂಗೇ ಕೂತ್ರ ಈ ಹಳಿ ಸೇಡಂಕ್ಕೇ ಹೋಗ್ತದ."

ಆಕೆ ಸ್ವಲ್ಪ ಹೊತ್ತು ಹೊರಗೆ ನೋಡಿ ಅಂದಳು, "ಹಂಗಾದ್ರ ನೀ ಪರಊರಾಗ ಇದ್ದೀ ಅಂತ ನಾ ಯಾಕ ಅಳತಿದ್ದೆ ಇಷ್ಟು ವರ್ಷ?"

ನನ್ನ ಬಳಿ ಉತ್ತರ ಇರಲಿಲ್ಲ. 1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯ ಒಡೆದು ಸೇಡಂ ಮೈಸೂರು ರಾಜ್ಯಕ್ಕೆ ಸೇರಿತು. ಅದರ ಹಿಂದಿನ ದಿನದವರೆಗೂ ಸೇಡಂ, ಕೂಕಟ್‌ಪಲ್ಲಿ ಎರಡೂ ಒಂದೇ ರಾಜ್ಯ. ಇಲ್ಲಿ ಯಾರಾದರೂ ನಿಮ್ಮನ್ನು 'ಹೊರಗಿನವರಾ?' ಎಂದು ಕೇಳಿದರೆ, ಹಫೀಜ್‌ಪೇಟೆಯ ಹಳಿ ತೋರಿಸಿ.