ಅನೊರೆಕ್ಸಿಯಾ

ಗ್ರೀಕ್‌ನಲ್ಲಿ ‘ಒರೆಕ್ಸಿಸ್’ ಎಂದರೆ ಬಯಕೆ, ಹಸಿವು. ಅದರ ಹಿಂದೆ ನಿಂತ ‘ಅನ್’ ನಮ್ಮ ‘ಅನಾರೋಗ್ಯ’ದಲ್ಲಿರುವಂತೆ ಇಲ್ಲ ಎನ್ನುವ ಅರ್ಥದ್ದು. ಜ್ವರದಲ್ಲಿ ಬಾಯಿ ಕೆಟ್ಟು ಊಟ ಸೇರದಿದ್ದರೂ ವೈದ್ಯರು ಬರೆಯುವುದು ಇದೇ ಪದ.

ಊಟವನ್ನೇ ದೂರವಿಡುವ ಮಾನಸಿಕ ಕಾಯಿಲೆಗೆ ‘ಅನೊರೆಕ್ಸಿಯಾ ನರ್ವೋಸಾ’ ಎಂದು ಹೆಸರಿಟ್ಟವರು ಲಂಡನ್ನಿನ ವೈದ್ಯ ವಿಲಿಯಂ ಗಲ್. ಆ ಪ್ರಬಂಧ ಅಚ್ಚಾದದ್ದು 1874ರಲ್ಲಿ. ಅದಕ್ಕೂ ಮೊದಲು ಅವರು ಅಜೀರ್ಣವೆಂಬ ಅರ್ಥದ ‘ಅಪೆಪ್ಸಿಯಾ’ ಬಳಸಿದ್ದರು. ತಿಂದದ್ದು ಚೆನ್ನಾಗಿಯೇ ಅರಗುತ್ತಿದ್ದುದರಿಂದ ಅದನ್ನು ಬಿಟ್ಟರು. ಹೊಸ ಹೆಸರೂ ಅಷ್ಟೇನೂ ಸರಿಯಿಲ್ಲ ಎನ್ನಿ! ಇಲ್ಲಿ ಹಸಿವು ಸತ್ತಿರಬೇಕೆಂದೇನಿಲ್ಲ. ದಪ್ಪಗಾದೇನೆಂಬ ಭಯ ಅದನ್ನು ಅದುಮಿರುತ್ತದೆ. ಎಲ್ಲರಿಗೂ ಒತ್ತಾಯ ಮಾಡಿ ಬಡಿಸುವ ಹುಡುಗಿ ತನ್ನ ತಟ್ಟೆಯ ಚಪಾತಿಯನ್ನು ಮಾತ್ರ ಚೂರುಚೂರು ಮಾಡಿ ಅಂಚಿಗೆ ಸರಿಸುತ್ತಾಳೆ. ನೆಂಟರು ‘ಎಷ್ಟು ಸಣ್ಣಗಾಗಿದ್ದೀಯಮ್ಮ’ ಎಂದು ಮೆಚ್ಚುತ್ತಾರೆ. ಹುಡುಗರಿಗೂ ಇದು ಬರುತ್ತದೆ, ಗುರುತಿಸುವವರು ಕಡಿಮೆ.

ತೊಂದರೆ ಹಸಿವಿನದಲ್ಲ, ಭಯದ್ದು; ಹಾಗಾಗಿ ‘ಹಸಿವು ಹೆಚ್ಚಿಸುವ’ ಟಾನಿಕ್ಕು ಇದಕ್ಕೆ ಮದ್ದಲ್ಲ. ಹದಿಹರೆಯದವರಿಗೆ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಕುಟುಂಬ ಆಧಾರಿತ ಚಿಕಿತ್ಸೆಯಿದೆ: ಮೊದಲು ಊಟದ ಹೊಣೆ ಪೂರ್ತಿ ಅಪ್ಪ ಅಮ್ಮನದು, ತೂಕ ಕೂಡಿದಂತೆ ಅದು ಸ್ವಲ್ಪ ಸ್ವಲ್ಪವಾಗಿ ಮಗುವಿನ ಕೈಗೆ ಮರಳುತ್ತದೆ. ಬೈಗುಳಕ್ಕೆ ಅಲ್ಲಿ ಜಾಗವಿಲ್ಲ. ತಲೆಸುತ್ತು, ಮುಟ್ಟು ನಿಲ್ಲುವುದು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮನೋವೈದ್ಯರ ಬಳಿ ನೇರ ಹೋಗಲು ಅಳುಕಿದ್ದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.